ಕೋಟೆಯ ಹಿಂದಿನ ಮಂಚ

ಅಬುಧಾಬಿಯಲ್ಲಿ ನಾನು ಮಲಗುತ್ತಿದ್ದ ಜಾಗಕ್ಕೆ ಮೂರು ಗೋಡೆ ಸಿಮೆಂಟಿನವು, ನಾಲ್ಕನೆಯದು ಒಂದು ತೈಲಚಿತ್ರ. ತಮಾಷೆಗೆ ಹೇಳುತ್ತಿಲ್ಲ. ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡವೊಂದರ ಏಳನೇ ಮಹಡಿಯಲ್ಲಿದ್ದ ಫ್ಲ್ಯಾಟಿನ ಹಾಲ್ ಅದು. ಕಿಟಕಿಯ ಕಡೆಯ ಅರ್ಧದಲ್ಲಿ ನನ್ನ ಮಂಚ, ಬಾಗಿಲ ಕಡೆಯ ಅರ್ಧದಲ್ಲಿ ಫ್ಲ್ಯಾಟ್ ಹಿಡಿದವಳ ಸೋಫಾ, ನಡುವೆ ಯುದ್ಧದಲ್ಲಿ ಮುರಿದುಬಿದ್ದ ಒಂದು ಕೋಟೆ. ಎರಡು ಸಾವಿರದ ಹದಿಮೂರರ ಆಸುಪಾಸಿನ ಮಾತು. ನಾನು ಹತ್ತಿರದ ಕ್ಲಿನಿಕ್ ಒಂದರಲ್ಲಿ ರಿಸೆಪ್ಷನಿಸ್ಟ್ ಆಗಿದ್ದೆ.

ಫ್ಲ್ಯಾಟ್ ಹಿಡಿದವಳು ನಮ್ಮ ಕರಾವಳಿಯವಳೇ, ನಮ್ಮ ಇಗರ್ಜಿಯವಳೇ, ನನಗಿಂತ ತುಂಬ ದೊಡ್ಡವಳು. ಅಕ್ಕ ಎಂದು ಕರೆಯಬೇಕಿತ್ತು, ಕರೆಯುತ್ತಿದ್ದೆ. ಎದುರಿಗೆ ನೀವು ತಾವು ಎಲ್ಲ ಆಗಿದೆ. ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ, ಅಷ್ಟಾದರೂ ನನಗೆ ಬೇಡವೇ? ಅವಳ ಗಂಡನನ್ನು ಭಾವ ಎನ್ನುತ್ತಿದ್ದೆ. ಹೋಟೆಲೊಂದರ ಬ್ಯಾಂಕ್ವೆಟ್ ವಿಭಾಗದಲ್ಲಿ ಕೆಲಸ. ಹೆಂಡತಿ ಇದ್ದಲ್ಲಿ ತುಟಿ ಬಿಚ್ಚದ ಮನುಷ್ಯ.

ಚಿತ್ರ ಬಂದದ್ದು ಆ ಹೋಟೆಲಿನಿಂದ. ಹಿಂದೆ ಅಲ್ಲಿದ್ದ ಮ್ಯಾನೇಜರ್ ಬೆಲ್ಜಿಯಂ ದೇಶದಲ್ಲಿ ಫ್ಲೆಮಿಷ್ ಮಾತಾಡುವ ಸೀಮೆಯವರಂತೆ. ತಮ್ಮೂರಿನ ಕಲಾವಿದನೊಬ್ಬ ಮೊದಲ ಮಹಾಯುದ್ಧ ಮುಗಿದ ಮೇಲೆ ಬಿಡಿಸಿದ ಚಿತ್ರವನ್ನು ತರಿಸಿ ಲಾಬಿಯಲ್ಲಿ ತೂಗುಹಾಕಿದ್ದರು. ಅವರು ಹೋದರು, ಲಾಬಿಗೆ ಹೊಸ ಗಾಜು ಹೊಸ ದೀಪ ಬಂತು, ಚಿತ್ರ ಸ್ಟೋರಿಗೆ ಹೋಯಿತು, ಸ್ಟೋರಿನಿಂದ ಭಾವನ ಪಾಲಿಗೆ. ಭಾವ ಅದನ್ನು ಪಿಕಪ್‌ನಲ್ಲಿ ಹೇರಿಕೊಂಡು ದುಬೈಗೆ, ಅಲ್ ಕೂಜ್‌ನಲ್ಲಿ ಹಳೆಯ ಫರ್ನಿಚರ್ ವ್ಯಾಪಾರ ಮಾಡುವ ಭಟ್ಕಳದ ಸಾಹುಕಾರರೊಬ್ಬರ ಗೋದಾಮಿಗೆ ಒಯ್ದರು. ಸಾಹುಕಾರರು ಸುತ್ತಮುತ್ತ ಸವರಿ ನೋಡಿ, "ಭಾಯ್, ಚೌಕಟ್ಟು ಫಸ್ಟ್ ಕ್ಲಾಸ್. ಆದ್ರೆ ಮುರಿದ ಮನೆಯ ಚಿತ್ರ ಯಾರು ತಮ್ಮ ಮನೆಯಲ್ಲಿ ಹಾಕ್ತಾರೆ? ಹಡಗಿನದ್ದು ಇದ್ರೆ ತನ್ನಿ" ಎಂದು ಚಹಾ ಕುಡಿಸಿ ಕಳಿಸಿದರು.

ತಿರುಗಿ ಬಂದ ಕೋಟೆಗೆ ಅಕ್ಕ ಕೆಲಸ ಹುಡುಕಿದಳು. ಆಗೆಲ್ಲ ಮನೆಯೊಳಗೆ ಪ್ಲೈವುಡ್ ಹೊಡೆದು, ಪಾರ್ಟಿಶನ್ ಮಾಡಿ ಜನ ಇಟ್ಟುಕೊಳ್ಳುವುದರ ಮೇಲೆ ಮುನಿಸಿಪಾಲಿಟಿಯ ತಪಾಸಣೆ ಬಿಗಿಯಾಗುತ್ತಿತ್ತು. ನಮ್ಮ ಕೆಳಗಿನ ಮಹಡಿಯಲ್ಲೇ ಪ್ಲೈವುಡ್ ಕೀಳಿಸಿ ಒಳಗಿದ್ದವರನ್ನೆಲ್ಲ ಖಾಲಿ ಮಾಡಿಸಿದ್ದರು. ಅಕ್ಕನ ತಲೆ ಓಡಿತು. ಹೋಟೆಲಿನಲ್ಲಿ ಪರದೆ ನಿಲ್ಲಿಸುವ ಚಕ್ರದ ಕಬ್ಬಿಣದ ಸ್ಟ್ಯಾಂಡನ್ನು ಗಂಡನಿಂದ ತರಿಸಿ, ಚಿತ್ರವನ್ನು ಅದಕ್ಕೆ ಬಿಗಿದು, ಹಾಲಿನ ನಟ್ಟನಡುವೆ ನಿಲ್ಲಿಸಿದಳು. "ಇದು ಪಾರ್ಟಿಶನ್ ಅಲ್ಲ ಮಾರಾಯ್ತಿ, ಆರ್ಟ್. ಆರ್ಟಿಗೆ ಯಾರು ಫೈನ್ ಹಾಕ್ತಾರೆ?" ಎಂದು ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಒಳ್ಳೆಯ ಉಪಾಯ ಎಂದೇ ನನಗೂ ಅನಿಸಿತ್ತು.

ಚಿತ್ರ ನನಗಿಂತ ಒಂದು ಗೇಣು ಎತ್ತರ, ಉದ್ದ ನನ್ನ ಮಂಚಕ್ಕಿಂತ ಜಾಸ್ತಿ. ಮೋಡ ಕವಿದ ಆಕಾಶ, ಕಪ್ಪು ನೀರಿನ ಕಂದಕ, ಅದರಾಚೆ ಇಟ್ಟಿಗೆಯ ಕೋಟೆ. ಫಿರಂಗಿಯ ಗುಂಡು ಬಿದ್ದು ಎಡಗಡೆಯ ಗೋಪುರ ನೆತ್ತಿಯಿಂದ ಸೊಂಟದವರೆಗೆ ಸೀಳಿತ್ತು. ಮಾಡು ಹಾರಿಹೋಗಿ ತೊಲೆಗಳು ಮೀನಿನ ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ಕಿಟಕಿಗಳಲ್ಲಿ ಕೋಣೆ ಕಾಣಿಸದೆ ಆಚೆಯ ಆಕಾಶವೇ ಕಾಣಿಸುತ್ತಿತ್ತು. ಒಂದು ಕಡೆ ಹೊರಗೋಡೆ ಕುಸಿದು ಒಳಗಿನ ಹಸಿರು ವಾಲ್‌ಪೇಪರ್ ಬೀದಿಗೆ ಬಿದ್ದಿತ್ತು, ಯಾರದೋ ಮಲಗುವ ಕೋಣೆ ಇರಬೇಕು. ಮನುಷ್ಯರು ಒಬ್ಬರೂ ಇಲ್ಲ. ಸುಳ್ಳು ಯಾಕೆ ಹೇಳಲಿ, ಬಿಡಿಸಿದವನ ಕೈ ಅಸಾಧ್ಯ ಕೈ. ಒಡೆದ ಇಟ್ಟಿಗೆಯನ್ನೂ ಅಷ್ಟು ಅಕ್ಕರೆಯಿಂದ ಬಿಡಿಸಿದ್ದ.

ಆದರೆ ಆ ಚೆಂದವೆಲ್ಲ ಸೋಫಾದ ಕಡೆಗೆ. ನನ್ನ ಕಡೆಗೆ ಅದರ ಬೆನ್ನು. ಕಂದು ಬಣ್ಣದ ಗೋಣಿಯಂಥ ಬಟ್ಟೆ, ಅಡ್ಡಡ್ಡ ಮರದ ಪಟ್ಟಿ, ಮೂಲೆಗಳಲ್ಲಿ ಬಟ್ಟೆ ಸಡಿಲವಾಗದ ಹಾಗೆ ತುರುಕಿದ ಸಣ್ಣ ಸಣ್ಣ ಬೆಣೆ. ಯಾರಾದರೂ ಬಾಗಿಲನ್ನು ಧಡಾರನೆ ಹಾಕಿದರೆ ಒಂದು ಬೆಣೆ ಉದುರಿ ನನ್ನ ದಿಂಬಿನ ಮೇಲೆ ಬೀಳುತ್ತಿತ್ತು. ನಾನದನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಕೂರಿಸುತ್ತಿದ್ದೆ.

ಗೋಡೆಗೂ ಕಿವಿ ಇದೆ ಎನ್ನುತ್ತಾರೆ. ಈ ಗೋಡೆಗೆ ಮೈಯೆಲ್ಲ ಕಿವಿ. ಕಣ್ಣಿಗೆ ಮರೆಯಾದದ್ದು ಕಿವಿಗೂ ಮರೆಯಾಯಿತು ಎಂದು ಅಕ್ಕ ಅದು ಹೇಗೆ ನಂಬಿದಳೋ! ಅಥವಾ ನಂಬಿರಲೇ ಇಲ್ಲ, ಕೇಳಲಿ ಎಂದೇ ಆಡುತ್ತಿದ್ದಳೋ. ಸಂಜೆ ಕೆಲಸದಿಂದ ಬಂದು ತೇರ್ಸ್ ಶುರುಮಾಡುವಳು. ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಒಬ್ಬರು ಅರ್ಧ ಹೇಳಬೇಕು, ಉಳಿದವರು ಇನ್ನರ್ಧ ಹೇಳಿ ಮುಗಿಸಬೇಕು. ಅವಳು ಸೋಫಾದ ಮುಂದೆ ಮೊಣಕಾಲೂರಿ ಮೊದಲರ್ಧ ಹೇಳಿದರೆ, ನಾನು ಕೋಟೆಯ ಹಿಂದಿನಿಂದ ಉಳಿದದ್ದು. "ಗಟ್ಟಿ ಹೇಳು, ದೇವರಿಗೆ ಕೇಳ್ಬೇಕಲ್ಲ!" ಎಂದು ನಡುವೆ ಒಂದು ಗದರಿಕೆ. ಆಮೆನ್ ಮುಗಿದದ್ದೇ ಊರಿಗೆ ಫೋನು. "ಹಿಂದೆ ಉಂಟಲ್ಲ, ಅದು. ಮದುವೆಯಾಗಿ ಆರು ವರ್ಷ ಆಯ್ತು, ಇನ್ನೂ ಒಂದಿಲ್ಲ. ಗಂಡ ವಾರಕ್ಕೊಮ್ಮೆ ಬರ್ತಾನೆ. ಎಂಥದಕ್ಕೆ ಬರ್ತಾನೋ ಆ ಪುಣ್ಯಾತ್ಮ."

ಅವಳಿಗೂ ಮಕ್ಕಳಿರಲಿಲ್ಲ. ಆ ವಿಷಯ ಮಾತ್ರ ಯಾರೂ ಎತ್ತುವ ಹಾಗಿರಲಿಲ್ಲ.

ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಅಜ್ಜಿ ಯಾರನ್ನೋ ಬೈಯುತ್ತಿದ್ದದ್ದು ನನಗೆ ಅರ್ಥವಾದದ್ದು ಅಬುಧಾಬಿಯಲ್ಲಿ. ಇಗರ್ಜಿಯಲ್ಲಿ ಯಾರಿಗೆ ಕಾಯಿಲೆ, ಯಾರ ಕೆಲಸ ಹೋಯಿತು ಎಂದರೂ ಅಕ್ಕನೇ ಮುಂದೆ. ಶುಕ್ರವಾರ ಪೂಜೆ ಮುಗಿಸಿ ನಾಲ್ಕಾರು ಮಂದಿ ಮನೆಗೆ ಬರುವರು, ಸೋಫಾದಲ್ಲಿ ಕೂತು ಚಿತ್ರ ನೋಡುವರು. "ಅಯ್ಯೋ ದೇವ್ರೇ, ಎಷ್ಟು ಜನ ಬಾಳಿದ ಮನೆಯೋ ಏನೋ! ಒಳಗಿದ್ದವರ ಗತಿ ಏನಾಯ್ತೋ!" ಎಂದು ಒಬ್ಬಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಚಹಾದ ಟ್ರೇ ಹಿಡಿದು ನಾನು ಪಕ್ಕದಿಂದ ಬಂದರೆ, "ಓ, ಕೋಟೆಯ ರಾಣಿ ಬಂದ್ರು. ರಾಜರು ಎಲ್ಲಿ? ನಿನ್ನೆ ಬಂದವರು ಇನ್ನೂ ಏಳ್ಲಿಲ್ವಾ?" ಎಂದು ಅದೇ ಹೆಂಗಸಿನ ನಗು. ನೂರು ವರ್ಷದ ಹಿಂದೆ ಕಂಡುಕೇಳರಿಯದ ದೇಶದಲ್ಲಿ ಮನೆ ಕಳೆದುಕೊಂಡವರಿಗೆ ಕಣ್ಣೀರು, ಚಿತ್ರದ ಹಿಂದೆ ಉಸಿರಾಡುತ್ತಿದ್ದವಳಿಗೆ ಹಲ್ಲು ಕಿಸಿಯುವುದು. ಅವರ ಕರುಣೆಗೆ ಬೆಂಕಿ ಹಾಕ.

ರಾಜರು ಅಂದರೆ ನನ್ನ ಗಂಡ. ದುಬೈ ಸಿಲಿಕಾನ್ ಓಯಸಿಸ್‌ನ ಕಂಪನಿಯೊಂದರಲ್ಲಿ ಕೆಲಸ, ಕಂಪನಿ ಕೊಟ್ಟ ಕೋಣೆಯಲ್ಲಿ ಇನ್ನೂ ಮೂವರು ಗಂಡಸರ ಜೊತೆ ವಾಸ. ಗುರುವಾರ ಸಂಜೆ ಬಸ್ಸು ಹತ್ತಿ ಬರುತ್ತಿದ್ದರು. ಒಳ್ಳೆಯವರು, ಆದರೆ ಯಾವ ಮಾತಾಡಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಯಾರ ಮನಸ್ಸೂ ನೋಯಬಾರದು. ನನ್ನ ಮನಸ್ಸು ನೋಯುವುದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ, ಯಾಕೆಂದರೆ ನಾನು ಅವರವಳೇ ತಾನೇ.

ಆ ಬೇಸಿಗೆಯಲ್ಲಿ ನಾನು ಬಸುರಿಯಾದೆ. ಆರು ವರ್ಷದ ಮೇಲೆ! ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಶೌಚಾಲಯದಲ್ಲಿ ಆ ಎರಡು ಗೆರೆ ನೋಡಿ ಬಾಯಿಗೆ ಕೈ ಒತ್ತಿಕೊಂಡು ಅತ್ತೆ. ಗಂಡನಿಗೆ ಫೋನು ಮಾಡಿದರೆ ಅತ್ತಲಿಂದಲೂ ಮೂಗು ಎಳೆಯುವ ಸದ್ದು. ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾದದ್ದು ಅಕ್ಕ. ಮಂಚ ಕೊಡುವಾಗಲೇ ಅವಳು ಹೇಳಿದ್ದಳು. "ನೋಡು, ಗಂಡ ಬಂದು ಹೋಗ್ಲಿ, ಅಡ್ಡಿಯಿಲ್ಲ. ಆದ್ರೆ ಮಗು ಗಿಗು ಅಂತ ಆದ್ರೆ ಖಲಾಸ್, ಅದೇ ದಿನ ಖಾಲಿ ಮಾಡ್ಬೇಕು. ಮಗು ಅತ್ರೆ ಇಡೀ ಬಿಲ್ಡಿಂಗಿಗೆ ಗೊತ್ತಾಗ್ತದೆ ಹಿಂದೆ ಜನ ಉಂಟು ಅಂತ."

ಡಿಸೆಂಬರಿಗೆ ಗಂಡನ ಕಂಪನಿ ಸಂಸಾರಸ್ಥರಿಗೆ ಮನೆ ಕೊಡುವುದಿತ್ತು. ಹೊಟ್ಟೆ ಎದ್ದು ಕಾಣದ ಹಾಗೆ ಸಡಿಲ ಬಟ್ಟೆ ಹಾಕಿಕೊಂಡು ಹೇಗಾದರೂ ಡಿಸೆಂಬರ್ ಮುಟ್ಟಬೇಕು, ಅಲ್ಲಿಯವರೆಗೆ ಉಸಿರೆತ್ತಬಾರದು ಎಂದು ನಿಶ್ಚಯ ಮಾಡಿದೆವು. ವಾಂತಿ ಬಂದರೆ ನಲ್ಲಿ ಜೋರಾಗಿ ಬಿಟ್ಟು ಮುಗಿಸುತ್ತಿದ್ದೆ. ಗಂಡನ ಜೊತೆ ಆ ಮಾತಾಡಲು ಮೆಟ್ಟಿಲಿಗೆ ಹೋಗುತ್ತಿದ್ದೆ. ಮೂರನೇ ತಿಂಗಳಲ್ಲಿ ಒಂದು ದಿನ ಸ್ವಲ್ಪ ರಕ್ತ ಕಾಣಿಸಿತು. ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ಆ ಹುರುಳಿಕಾಳಿನಂಥದರ ಎದೆಬಡಿತ ನನಗೆ ಕೇಳಿಸಿ, "ಇದೆ, ಗಟ್ಟಿಯಾಗಿದೆ. ಎರಡು ವಾರ ಮಲಗಿರಬೇಕು. ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ. ಮತ್ತೆ ರಕ್ತ ಬಂದರೆ ಒಂದು ನಿಮಿಷ ತಡಮಾಡದೆ ಬಾ" ಎಂದರು. ನನಗೆ ಸೊಂಟನೋವು ಎಂದು ಅಕ್ಕನಿಗೆ ಹೇಳಿ ರಜೆ ಹಾಕಿ ಮಲಗಿದೆ. ಕೋಟೆಯ ಬೆನ್ನು ನೋಡುತ್ತಾ ಹೊಟ್ಟೆಯ ಮೇಲೆ ಕೈಯಿಟ್ಟು, ಇರು ಪುಟ್ಟ, ಇರು ಮಾರಾಯ, ಗಟ್ಟಿ ಹಿಡಿದುಕೋ ಎಂದು ಒಳಗೊಳಗೇ ಹೇಳುತ್ತಿದ್ದೆ. ಆ ದಿನಗಳಷ್ಟು ಸುಖ ನಾನು ಮತ್ತೆ ಕಂಡಿಲ್ಲ.

ತಪಾಸಣೆಯವರು ಬಂದರೆ ಮಾಡುವ ಕೆಲಸಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಕೆಳಗಿನಿಂದ ವಾಚ್‌ಮನ್ ಮಿಸ್ಡ್ ಕಾಲ್ ಕೊಡುತ್ತಿದ್ದ. ಕೂಡಲೇ ಅಕ್ಕ ಸ್ಟ್ಯಾಂಡನ್ನು ತಳ್ಳಿ ಚಿತ್ರವನ್ನು ಗೋಡೆಗೆ ಸೇರಿಸುವಳು, ನಾನು ಮಂಚ ಮಡಚಿ ಅದರ ಹಿಂದೆ ತುರುಕಿ ಮೆಟ್ಟಿಲಿಳಿದು ಬೀದಿಗೆ ಹೋಗುವೆ. ಅವರು ಹೋದ ಮೇಲೆ ಫೋನು ಬಂದರೆ ವಾಪಸು. ಎರಡು ಸಲ ಹಾಗೆ ಮಾಡಿದ್ದೆವು, ಏನೂ ತೊಂದರೆಯಾಗಿರಲಿಲ್ಲ.

ಆ ದಿನ ಮಧ್ಯಾಹ್ನ ಮಿಸ್ಡ್ ಕಾಲ್ ಬಂತು. ಅಕ್ಕನಿಗೂ ರಜೆ, ಮನೆಯಲ್ಲಿದ್ದಳು. "ಏಳು ಏಳು, ಯಲ್ಲಾ!" ಎಂದು ಕೂಗುತ್ತಾ ಬಂದು ನನ್ನ ಚಾದರ ಎಳೆದಳು. ಲಿಫ್ಟು ಬೆಳಗ್ಗಿನಿಂದ ರಿಪೇರಿಯಲ್ಲಿತ್ತು. ಏಳು ಮಹಡಿ ಇಳಿಯಬೇಕು, ಆಗಸ್ಟಿನ ಬಿಸಿಲಲ್ಲಿ ನಿಲ್ಲಬೇಕು, ಮತ್ತೆ ಏಳು ಮಹಡಿ ಹತ್ತಬೇಕು. ನಾನು ಮಂಚದ ಮೇಲೆ ಕೂತೇ ಹೇಳಿದೆ: "ಅಕ್ಕ, ನನಗೆ ಆಗುವುದಿಲ್ಲ. ನಾನು ಬಸುರಿ. ರಕ್ತ ಹೋಗ್ತಾ ಇತ್ತು, ಡಾಕ್ಟ್ರು ಮೆಟ್ಟಿಲು ಬೇಡ ಅಂದಿದ್ದಾರೆ."

ಅವಳು ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು.

"ಬಸುರಿಯಾ? ನನ್ನ ಮನೆಯಲ್ಲಾ? ಯಾರ ಪರ್ಮಿಷನ್ ತಗೊಂಡು?"

ಹೌದು, ಹಾಗೇ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ, "ಮಾತಾಡ್ಬೇಡ, ಈಗ ಟೈಮ್ ಇಲ್ಲ. ಅವರು ಹೋಗ್ಲಿ, ಇವತ್ತೇ ನಿನ್ನ ಸಾಮಾನು ಕಟ್ಟು" ಎಂದು ಮಂಚವನ್ನು ತಾನೇ ಮಡಚಿ ತನ್ನ ಕೋಣೆಗೆ ಎಳೆದುಕೊಂಡು ಹೋದಳು. ವಾಪಸು ಬಂದು ನನ್ನ ರಟ್ಟೆ ಹಿಡಿದು ಗೋಡೆಗೆ ಕೂರಿಸಿದಳು, ಮಂಡಿ ಮಡಚಿಸಿದಳು, ಸ್ಟ್ಯಾಂಡನ್ನು ತಳ್ಳಿಕೊಂಡು ಬಂದಳು. ಸ್ಟ್ಯಾಂಡಿನ ಕಾಲು ಅಗಲವಾಗಿದ್ದರಿಂದ ಗೋಡೆಗೂ ಚಿತ್ರಕ್ಕೂ ನಡುವೆ ಒಬ್ಬರು ಮುದುಡಿ ಕೂರುವಷ್ಟು ಜಾಗ ಉಳಿಯುತ್ತಿತ್ತು. ಎರಡು ಬದಿಗೂ ಪ್ಲಾಸ್ಟಿಕ್ ಗಿಡದ ಕುಂಡ ಇಟ್ಟಳು. "ಕೆಮ್ಮಿದ್ಯೋ, ನೋಡು" ಎಂದದ್ದು ಬಟ್ಟೆಯ ಆಚೆಯಿಂದ ಕೇಳಿಸಿತು. ಬೆಲ್ಲು ಹೊಡೆಯಿತು.

ಬಂದವರು ಇಬ್ಬರು, ದನಿಯಿಂದ ಗೊತ್ತಾಯಿತು. ಹಿಂದಿಯಲ್ಲಿ ಮರ್ಯಾದೆಯಿಂದಲೇ ಮಾತಾಡಿದರು. ಅಡಿಗೆಮನೆ ನೋಡಿದರು, ಕೋಣೆ ನೋಡಿದರು. ಇನ್ನು ಹೋಗುತ್ತಾರೆ ಎಂದುಕೊಳ್ಳುವಾಗ ಹಿರಿಯ ದನಿಯವರು ಚಿತ್ರದ ಮುಂದೆ ನಿಂತರು. ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ, ಬಟ್ಟೆಯ ಆಚೆ, ಅವರ ಉಸಿರು ಕೇಳಿಸುತ್ತಿತ್ತು. "ಮಾಶಾಲ್ಲಾ! ಇದು ಎಲ್ಲಿಯದು?" ಎಂದರು.

ಅಷ್ಟು ಸಾಕಿತ್ತು ಅಕ್ಕನಿಗೆ. ಅವರನ್ನು ಸೋಫಾದಲ್ಲಿ ಕೂರಿಸಿದಳು. ಚಹಾ ತಂದಳು. ಬೆಲ್ಜಿಯಂ ಎಂದಳು, ಯುದ್ಧ ಎಂದಳು, ಗುಂಡು ಬಿದ್ದಾಗ ಒಳಗೆ ಹೆಂಗಸರು ಮಕ್ಕಳು ಅಡಗಿದ್ದರು, ಸದ್ದು ಮಾಡದೆ ಕೂತಿದ್ದರು, ಹಾಗೇ ಸತ್ತರು ಎಂದು ಬಾಯಿಗೆ ಬಂದ ಕತೆ ಕಟ್ಟಿದಳು. "ಯಾ ಹರಾಂ" ಎಂದರು ಆ ಮನುಷ್ಯ. ಅಯ್ಯೋ ಪಾಪ ಎನ್ನುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಅದೇ ಹೊತ್ತಿಗೆ ನನ್ನ ಕಿಬ್ಬೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡಿದ ಹಾಗೆ ಒಂದು ನೋವು ಬಂತು. ಹೋಯಿತು. ಮತ್ತೆ ಬಂತು. ತೊಡೆಯ ನಡುವೆ ಬೆಚ್ಚಗಾಯಿತು.

ಡಾಕ್ಟರು ಅಲುಗಾಡಬೇಡ ಅಂದಿದ್ದಾರೆ, ನಾನು ಅಲುಗಾಡುತ್ತಿಲ್ಲ, ಸರಿಯಾಗುತ್ತದೆ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಚೂಡಿದಾರದ ವೇಲನ್ನು ಉಂಡೆ ಮಾಡಿ ಕಚ್ಚಿಕೊಂಡೆ. ಇವತ್ತಿಗೂ ಕೇಳುವವರಿದ್ದಾರೆ, ಕೂಗಬಾರದಿತ್ತೇ ಎಂದು. ಕೂಗಬಾರದಿತ್ತೇ ಎನ್ನುವವರು ಬಾಡಿಗೆಯ ಮಂಚದಲ್ಲಿ ಮಲಗಿದವರಲ್ಲ. ಕೂಗಿದರೆ ಅವಳ ಮನೆ ಹೋಗುತ್ತದೆ, ಅವಳದರ ಜೊತೆ ನನ್ನದೂ. ರಕ್ತ ಸುರಿಸಿಕೊಂಡು ಸಂಜೆಗೆ ನಾನು ಎಲ್ಲಿ ಮಲಗಲಿ? ಸಿಲಿಕಾನ್ ಓಯಸಿಸ್‌ನಲ್ಲಿ ಮೂವರು ಗಂಡಸರ ಕೋಣೆಯಲ್ಲಾ? ಇನ್ನೊಂದು ಗುಟುಕು ಚಹಾ, ಇನ್ನೊಂದು ಗುಟುಕು, ಎದ್ದು ಹೋಗುತ್ತಾರೆ ಎಂದು ಕಾದೆ. ದರಿದ್ರ ಚಹಾ. ಅಷ್ಟು ಬಿಸಿಯಾಗಿ ಯಾಕೆ ಮಾಡಿದಳೋ.

"ಬೇಬಿ ಮಾಫಿ?" ಎಂದು ಕಿರಿಯ ದನಿ ಕೇಳಿತು. ಮಕ್ಕಳಿಲ್ಲವೇ ಎಂದು.

"ಮಾಫಿ, ಸರ್" ಎಂದಳು ಅಕ್ಕ. "ದೇವರು ಕೊಡಲಿಲ್ಲ. ನಾವಿಬ್ಬರೇ ಈ ಮನೆಯಲ್ಲಿ. ಎಷ್ಟು ಹರಕೆ, ಎಷ್ಟು ಡಾಕ್ಟರು. ಒಂದು ನಿಂತಿತ್ತು, ಅದೂ ಹೋಯ್ತು." ಅವಳು ಅತ್ತಳು. ನಿಜವಾದ ಅಳು ಅದು, ನಾಟಕವಲ್ಲ. ಅವಳ ಹಿಂದೆ ಕೂತು ಅಷ್ಟು ಕಾಲ ಅವಳ ದನಿ ಕೇಳಿದವಳು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ಒಂದು ಹೋದದ್ದು ಏನೆಂದು ಗೊತ್ತಿದ್ದವಳು. ಗೊತ್ತಿದ್ದೂ ನನ್ನನ್ನು ಅಲ್ಲಿ ತುರುಕಿದವಳು. ನನ್ನ ಹೊಟ್ಟೆಯಲ್ಲಿದ್ದದ್ದು ನನ್ನನ್ನು ಬಿಟ್ಟು ಹೋದದ್ದು ಸರಿಸುಮಾರು ಆಗಲೇ. ಅದು ಹೋದದ್ದು ನನಗೆ ತಿಳಿಯಿತು, ಯಾರೂ ಹೇಳಬೇಕಾಗಿರಲಿಲ್ಲ. ಆಚೆ ಇಬ್ಬರು ಗಂಡಸರು ಅವಳಿಗೆ ಸಮಾಧಾನ ಹೇಳುತ್ತಿದ್ದರು, ದೇವರು ದೊಡ್ಡವನು, ಕೊಟ್ಟೇ ಕೊಡುತ್ತಾನೆ ಎಂದು.

ಬಾಗಿಲು ಹಾಕಿದ ಸದ್ದಾಯಿತು. ಅಕ್ಕ ಗುನುಗುತ್ತಾ ಬಂದು ಕುಂಡ ಸರಿಸಿ, ಸ್ಟ್ಯಾಂಡು ತಳ್ಳಿದಳು. ನನ್ನನ್ನು ನೋಡಿ "ಜೇಜು!" ಎಂದು ಏಸುವನ್ನು ಕರೆದು ಎರಡು ಹೆಜ್ಜೆ ಹಿಂದೆ ಹೋದಳು. ಆಮೇಲೆ ಬಗ್ಗಿದಳು. ನನ್ನನ್ನು ಎಬ್ಬಿಸಲು ಎಂದುಕೊಂಡು ನಾನು ಕೈ ಚಾಚಿದೆ. ಅವಳು ಚಿತ್ರದ ಬೆನ್ನಿನ ಕೆಳಗಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. "ಇದಕ್ಕೆ ತಾಗಿದ್ಯಾ? ಕಲೆ ಆಚೆ ಬಂದ್ರೆ ಹೋಗುವುದಿಲ್ಲ ಮಾರಾಯ್ತಿ, ಎಣ್ಣೆ ಬಣ್ಣ ಅದು."

ಏಳು ಮಹಡಿಯನ್ನು ಗೋಡೆ ಹಿಡಿದು ಇಳಿದೆ. ಇಲ್ಲ ಎಂದರೆ ತಪ್ಪಾದೀತು, ಅವಳೂ ಜೊತೆಗೆ ಬಂದಳು, ನನ್ನ ಚೀಲ ಹಿಡಿದುಕೊಂಡಿದ್ದಳು. ಟ್ಯಾಕ್ಸಿ ನಿಲ್ಲಿಸಿ, ಹಿಂದಿನ ಸೀಟಿನ ಮೇಲೆ ಸೂಪರ್‌ಮಾರ್ಕೆಟ್ಟಿನ ಎರಡು ಪ್ಲಾಸ್ಟಿಕ್ ಚೀಲ ಹಾಸಿ, "ಇದರ ಮೇಲೆ ಕೂತ್ಕೋ, ಇಲ್ದಿದ್ರೆ ಡ್ರೈವರ್ ಗಲಾಟೆ ಮಾಡ್ತಾನೆ" ಎಂದಳು.

ಆಸ್ಪತ್ರೆಯ ಡಾಕ್ಟರಮ್ಮ ನನ್ನ ಕೈ ಹಿಡಿದು, ಯಾರ ತಪ್ಪೂ ಅಲ್ಲ, ಹಾಸಿಗೆಯಲ್ಲಿದ್ದರೂ ಹೀಗೇ ಆಗುತ್ತಿತ್ತು ಎಂದರು. ಇರಬಹುದು. ಹಾಸಿಗೆಯಲ್ಲಾದರೆ ಅಮ್ಮಾ ಎಂದು ಒಮ್ಮೆ ಕೂಗಬಹುದಿತ್ತು. ಅಷ್ಟಕ್ಕೂ ಗತಿಯಿಲ್ಲದೆ ಹೋಯಿತಲ್ಲ ನನ್ನ ಮಗುವಿಗೆ, ಅದಕ್ಕೆ ಒಬ್ಬರೂ ಬಾಯಿಬಿಟ್ಟು ಅಳಲಿಲ್ಲ.

ಗಂಡ ದುಬೈಯಿಂದ ಬಂದು ಎರಡು ದಿನ ನನ್ನ ಪಕ್ಕದಲ್ಲಿ ಕೂತರು. ಸಾಮಾನು ಕಟ್ಟಲು ಹೇಳಿದ್ದಾಳೆ, ಎಲ್ಲಾದರೂ ಜಾಗ ನೋಡಿ ಎಂದು ಅವರಿಗೆ ಹೇಳಿದ್ದೆ. ಅವರು ಅವರಿವರಿಗೆ ಫೋನು ಮಾಡಿದರು, ಎಲ್ಲಿಯೂ ಇರಲಿಲ್ಲ. ಬಟ್ಟೆಬರೆ ತೆಗೆದುಕೊಳ್ಳೋಣ ಎಂದು ಇಬ್ಬರೂ ಆ ಮನೆಗೆ ಹೋದೆವು. ಕೋಟೆ ಮತ್ತೆ ಹಾಲಿನ ನಡುವೆ ನಿಂತಿತ್ತು. ನೆಲ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಹಿಂದೆ ಹೋಗಿ ನೋಡಿದರೆ ನನ್ನ ಮಂಚ ಬಿಡಿಸಿಟ್ಟಿದ್ದಳು, ಒಗೆದ ಚಾದರ ಹಾಸಿದ್ದಳು.

ನಾನು ಪೆಟ್ಟಿಗೆ ತೆರೆದು ಬಟ್ಟೆ ತುಂಬಲು ಶುರುಮಾಡಿದೆ. ಅಕ್ಕ ಗಂಜಿ ಬಟ್ಟಲು ಹಿಡಿದು ಬಂದಳು, ಪಕ್ಕದಲ್ಲಿ ಉಪ್ಪಿನಕಾಯಿ. ಪೆಟ್ಟಿಗೆಯ ಮುಚ್ಚಳವನ್ನು ತಾನೇ ಹಾಕಿದಳು. ನನ್ನ ತಲೆ ಸವರಿದಳು, ಕಣ್ಣಲ್ಲಿ ನೀರಿತ್ತು.

"ಎಲ್ಲಿಗೆ ಹೋಗ್ತೀ ಈ ಸ್ಥಿತಿಯಲ್ಲಿ? ಇಲ್ಲೇ ಇರು. ಅವತ್ತು ಸಿಟ್ಟಲ್ಲಿ ಏನೋ ಅಂದೆ. ಈಗ ಮಗುವಿನ ಪ್ರಶ್ನೆ ಇಲ್ವಲ್ಲ."

ನಾನು ಗಂಡನ ಮುಖ ನೋಡಿದೆ. ಅವರು ಎದ್ದು ನಿಂತು ಎರಡೂ ಕೈ ಮುಗಿದು, "ದೊಡ್ಡ ಉಪಕಾರ ಆಯ್ತು ಅಕ್ಕ" ಎಂದರು. ನಾನು ಗಂಜಿ ಕುಡಿದೆ. ಡಿಸೆಂಬರ್‌ವರೆಗೆ ಅಲ್ಲೇ ಇದ್ದೆ.